ಲೈನ್ ನಮ್ದು, ಕರೆಂಟ್ ಯಾರದ್ದು?

2025ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಟಿವಿ ಹಾಕಿದ್ರೆ ಹುಕ್ಕೇರಿ. ಕತ್ತಿ ಬಣ, ಜಾರಕಿಹೊಳಿ ಬಣ, ಯಾರ ಕೋಟೆ, ಯಾರಿಗೆ ಮುಖಭಂಗ. ಬೆಳಗಾವಿ ರಾಜಕಾರಣದ ಘಟಾನುಘಟಿಗಳೆಲ್ಲ ಒಂದು ತಾಲ್ಲೂಕಿನಲ್ಲಿ ಬೀಡುಬಿಟ್ಟಿದ್ರು. ಕೊನೆಗೆ ಕತ್ತಿ ಬಣ ಗೆತ್ತು. ಬುಲೆಟಿನ್ ಮುಂದಿನ ಸುದ್ದಿಗೆ ಹೋಯ್ತು. ಆ ಚುನಾವಣೆ ಯಾವ ಸಂಸ್ಥೆಯದ್ದು ಅನ್ನೋದು ಸ್ಕ್ರೀನಿನ ಕೆಳಗೆ ಓಡುವ ಪಟ್ಟಿಯಲ್ಲಿ ಮಾತ್ರ ಇತ್ತು: ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ.

ಒಂದು ನಿಮಿಷ ನಿಲ್ಲಿ. ವಿದ್ಯುತ್ ಸಹಕಾರಿ ಸಂಘ! ಹಾಲಿಗೆ ಸಂಘ ಇದೆ, ಸಾಲಕ್ಕೆ ಸಂಘ ಇದೆ, ಸಕ್ಕರೆ ಕಾರ್ಖಾನೆಗೂ ಇದೆ. ಕರೆಂಟಿಗೂ ಸಂಘ ಅಂದ್ರೆ ಏನು?

ಬೆಂಗಳೂರಿನವರಿಗೆ ಬೆಸ್ಕಾಂ, ಮಂಗಳೂರಿನವರಿಗೆ ಮೆಸ್ಕಾಂ, ಹುಬ್ಬಳ್ಳಿಯವರಿಗೆ ಹೆಸ್ಕಾಂ, ಕಲಬುರಗಿಯವರಿಗೆ ಜೆಸ್ಕಾಂ, ಮೈಸೂರಿನವರಿಗೆ ಸೆಸ್ಕ್. ಇವೆಲ್ಲ ಸರ್ಕಾರದ ಕಂಪನಿಗಳು, ನೀವು ಅವುಗಳ ಗ್ರಾಹಕರು. ಆದರೆ ಹುಕ್ಕೇರಿ ಭಾಗದಲ್ಲಿ ಕಂಬ, ತಂತಿ, ಟಿಸಿ, ಮೀಟರ್ ಎಲ್ಲ ಸಂಘದ್ದು. ಆ ಸಂಘದಲ್ಲಿ ಷೇರು ಇಟ್ಟಿರೋದು ಅದೇ ಊರುಗಳ ಜನ. ಅವರು ಓಟು ಹಾಕಿ ನಿರ್ದೇಶಕರನ್ನ ಆರಿಸ್ತಾರೆ. ಇದು 1969ರಿಂದ ನಡೆದುಬಂದಿದೆ. ಕರ್ನಾಟಕದಲ್ಲಿ ಇಂಥದ್ದು ಇರೋದು ಇದೊಂದೇ. ಕೆಇಆರ್‌ಸಿ ಪ್ರತಿ ಸಲ ದರ ಪರಿಷ್ಕರಣೆ ಆದೇಶ ಹೊರಡಿಸುವಾಗ ಎಸ್ಕಾಂಗಳ ಜೊತೆಗೆ ಹುಕ್ಕೇರಿಯದ್ದೂ ಒಂದು ಇರುತ್ತೆ, ಗಮನಿಸಿ ನೋಡಿ.

ಈ ಐಡಿಯಾ ಹುಕ್ಕೇರಿಯಲ್ಲಿ ಹುಟ್ಟಿದ್ದಲ್ಲ. ಇದು ಅಮೆರಿಕದಿಂದ ಬಂದದ್ದು. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮ ಶುರು ಮಾಡಿದಾಗ, ಅಮೆರಿಕದ ವಿದ್ಯುತ್ ಸಹಕಾರಿಗಳ ಒಕ್ಕೂಟದ ನೆರವಿನಿಂದ ದೇಶದಲ್ಲಿ ಐದು ಕಡೆ ಪ್ರಯೋಗ ಮಾಡಿದ್ರು. ಆಂಧ್ರದಲ್ಲಿ ಸಿರ್ಸಿಲ್ಲ (ಈಗ ಅದು ತೆಲಂಗಾಣ), ಮಹಾರಾಷ್ಟ್ರದಲ್ಲಿ ಮುಳಾ-ಪ್ರವರಾ, ಗುಜರಾತಿನಲ್ಲಿ ಕೋಡಿನಾರ್, ಉತ್ತರ ಪ್ರದೇಶದಲ್ಲಿ ಲಖನೌ, ನಮ್ಮಲ್ಲಿ ಹುಕ್ಕೇರಿ. ಹಾಗಾಗಿ ಇವತ್ತು ಆ ಮೂಲ ಮನೆಗೆ ಹೋಗಿ ಬರೋಣ. ಯಾಕಂದ್ರೆ ಅಲ್ಲಿ ಕಳೆದ ಹತ್ತು ವರ್ಷದಿಂದ ಒಂದು ದೊಡ್ಡ ಜಗಳ ನಡೀತಿದೆ. ಅಲ್ಲೂ ಬಣಗಳಿವೆ, ಚುನಾವಣೆಗಳಿವೆ. ಆದರೆ ಜಗಳದ ವಿಷಯ ಕುರ್ಚಿ ಅಲ್ಲ, ಕಲ್ಲಿದ್ದಲು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1930ರ ದಶಕದ ಅಮೆರಿಕ. ನ್ಯೂಯಾರ್ಕಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಝಗಮಗ ಅಂತಿತ್ತು. ಅದೇ ದೇಶದ ಹಳ್ಳಿಗಳಲ್ಲಿ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟೇ ಇರಲಿಲ್ಲ. ಸೀಮೆಎಣ್ಣೆ ದೀಪ, ಸೌದೆ ಒಲೆ, ಬಾವಿಯಿಂದ ಸೇದುವ ನೀರು. ಖಾಸಗಿ ವಿದ್ಯುತ್ ಕಂಪನಿಗಳ ಲೆಕ್ಕ ಸಿಂಪಲ್: ಒಂದು ಮೈಲಿಗೆ ಮೂರು ಮನೆ ಇದ್ದರೆ ಕಂಬದ ಖರ್ಚು ಹುಟ್ಟೋದಿಲ್ಲ, ನಾವು ಬರೋದಿಲ್ಲ. 1935ರ ಮೇ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣ ಆಡಳಿತ ಅಂತ ಒಂದು ಇಲಾಖೆ ಮಾಡಿದ್ರು, ಮರುವರ್ಷ ಕಾನೂನೂ ಬಂತು. ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಡುತ್ತೆ, ಯಾರು ಬೇಕಾದ್ರೂ ತಗೊಂಡು ಲೈನ್ ಎಳೀಬಹುದು. ಕಂಪನಿಗಳು ಆಗಲೂ ಅಷ್ಟಾಗಿ ಮುಂದೆ ಬರಲಿಲ್ಲ. ರೈತರು ಬಂದ್ರು. ತಲಾ ಇಷ್ಟು ಅಂತ ಹಾಕಿ ಸಂಘ ಕಟ್ಟಿದ್ರು, ತಮ್ಮ ಜಮೀನಿನಲ್ಲೇ ಗುಂಡಿ ತೋಡಿ ಕಂಬ ನಿಲ್ಲಿಸಿದ್ರು. 1950ರ ದಶಕದ ಆರಂಭದ ಹೊತ್ತಿಗೆ ಹತ್ತರಲ್ಲಿ ಒಂಬತ್ತು ರೈತರ ಮನೆಗೆ ಕರೆಂಟ್ ಬಂದಿತ್ತು. ಅಂದ್ರೆ ಲೆಕ್ಕ ಪೂರ್ತಿ ತಿರುವುಮುರುವು! ಟೆಕ್ಸಾಸಿನ ಪೆಡರ್ನಾಲಿಸ್ ಸಂಘ ಕಟ್ಟಲು ಓಡಾಡಿದ ಒಬ್ಬ ಯುವ ಸಂಸದ ಮುಂದೆ ದೇಶದ ಅಧ್ಯಕ್ಷನೇ ಆದ. ಹೆಸರು ಲಿಂಡನ್ ಜಾನ್ಸನ್. ಕರೆಂಟ್ ಕೊಡಿಸಿದವನಿಗೆ ಓಟು ಬೀಳೋದು ನಮ್ಮೂರಲ್ಲಿ ಮಾತ್ರ ಅಲ್ಲ.

ಇವತ್ತು ಅಮೆರಿಕದಲ್ಲಿ ಇಂಥ ಸುಮಾರು 900 ಸಂಘಗಳಿವೆ. 4.2 ಕೋಟಿ ಜನರಿಗೆ ಕರೆಂಟ್ ಕೊಡ್ತವೆ. ದೇಶದ ಭೂಭಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಇವುಗಳ ವ್ಯಾಪ್ತಿಯಲ್ಲಿದೆ. ಒಬ್ಬ ಸದಸ್ಯನಿಗೆ ಒಂದು ಓಟು. ದೊಡ್ಡ ಮನೆಯವನಿಗೂ ಅಷ್ಟೇ, ಒಂದು ಬಲ್ಬಿನ ಮನೆಯವನಿಗೂ ಅಷ್ಟೇ. ವರ್ಷದ ಕೊನೆಗೆ ಹಣ ಉಳಿದರೆ ಅದು ಯಾರು ಎಷ್ಟು ಕರೆಂಟ್ ಕೊಂಡಿದ್ದಾರೋ ಆ ಲೆಕ್ಕದಲ್ಲಿ ಸದಸ್ಯರ ಹೆಸರಿಗೆ ಜಮೆ ಆಗುತ್ತೆ. ಡೈರಿಯಲ್ಲಿ ಬೋನಸ್ ಕೊಡ್ತಾರಲ್ಲ, ಹಾಗೆ.

ಕೇಳೋಕೆ ಚೆಂದ. ಹಾಗಾದ್ರೆ ಇಷ್ಟೊಂದು ಪ್ರಜಾಪ್ರಭುತ್ವ ಇರುವ ಸಂಘಗಳು ಸೋಲಾರ್, ಗಾಳಿ ವಿದ್ಯುತ್ತಿಗೆ ಎಲ್ಲರಿಗಿಂತ ಮೊದಲು ಬದಲಾಗಬೇಕಿತ್ತು ಅಲ್ವಾ? ಹಳ್ಳಿಗಳಲ್ಲಿ ಜಾಗ ಇದೆ, ಬಿಸಿಲಿದೆ, ಗಾಳಿಯಿದೆ. ಆದರೆ ಆದದ್ದು ಉಲ್ಟಾ. ಬಹುಕಾಲ ಅಮೆರಿಕದಲ್ಲಿ ಕಲ್ಲಿದ್ದಲಿಗೆ ಹೆಚ್ಚು ಅಂಟಿಕೊಂಡವರಲ್ಲಿ ಈ ಸಂಘಗಳೇ ಮುಂದೆ ಇದ್ದವು. ಇದು ಯಾಕೆ ಅನ್ನೋದೇ ಇವತ್ತಿನ ಮ್ಯಾಟರ್.

ಇಂಜಿನಿಯರಿಂಗ್ ಓದುವಾಗ ಪವರ್ ಸಿಸ್ಟಮ್ಸ್ ಪೇಪರಿನಲ್ಲಿ ಮೂರು ಡಬ್ಬ ಬರೆಯುತ್ತಿದ್ದೆವು. ಜನರೇಷನ್, ಟ್ರಾನ್ಸ್‌ಮಿಷನ್, ಡಿಸ್ಟ್ರಿಬ್ಯೂಷನ್. ಮಧ್ಯೆ ಬಾಣದ ಗುರುತು. ಯಾವ ಡಬ್ಬ ಯಾರದ್ದು ಅಂತ ಪ್ರಶ್ನೆಪತ್ರಿಕೆಯಲ್ಲಿ ಯಾರೂ ಕೇಳ್ತಿರಲಿಲ್ಲ. ಅಸಲಿ ಕಥೆ ಇರೋದು ಅಲ್ಲೇ.

ಊರಿನ ಸಂಘದ ಕೈಯಲ್ಲಿರೋದು ಮೂರನೇ ಡಬ್ಬ ಮಾತ್ರ, ಅಂದ್ರೆ ಹಂಚಿಕೆ. ಕರೆಂಟ್ ಎಲ್ಲಿಂದ ತರೋದು? ಅದಕ್ಕೆ ಹತ್ತಾರು ಸಂಘಗಳು ಸೇರಿ ಇನ್ನೊಂದು ದೊಡ್ಡ ಸಂಘ ಮಾಡಿಕೊಂಡವು. ಸಂಘಗಳ ಸಂಘ. ನಮ್ಮ ಹಾಲಿನ ಲೆಕ್ಕದಲ್ಲಿ ಹೇಳ್ತೀನಿ: ಊರಿನ ಡೈರಿ, ಅದರ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ಕೆಎಂಎಫ್. ವ್ಯತ್ಯಾಸ ಏನಂದ್ರೆ ಹಾಲು ಕೆಳಗಿನಿಂದ ಮೇಲಕ್ಕೆ ಹೋಗುತ್ತೆ, ಕರೆಂಟ್ ಮೇಲಿನಿಂದ ಕೆಳಕ್ಕೆ ಬರುತ್ತೆ. ಮೇಲಿನ ಸಂಘ ವಿದ್ಯುತ್ ಸ್ಥಾವರ ಕಟ್ಟಬೇಕು, ಅದಕ್ಕೆ ಸರ್ಕಾರದಿಂದ ಭಾರಿ ಸಾಲ ತಗೋಬೇಕು. ಸಾಲಕ್ಕೆ ಜಾಮೀನು ಏನು? ಕೆಳಗಿನ ಸಂಘಗಳ ಸಹಿ. ‘ಇನ್ನು ನಲವತ್ತು ವರ್ಷ ನಮ್ಮ ಕರೆಂಟೆಲ್ಲ ನಿಮ್ಮಿಂದಲೇ ಕೊಳ್ತೀವಿ’ ಅಂತ ಕರಾರು.

ಡೆನ್ವರ್ ಪಕ್ಕದಲ್ಲಿ ಟ್ರೈ-ಸ್ಟೇಟ್ ಅಂತ ಇಂಥ ಒಂದು ದೊಡ್ಡ ಸಂಘ ಇದೆ. 1952ರದ್ದು. ಕೊಲರಾಡೊ, ನ್ಯೂ ಮೆಕ್ಸಿಕೊ, ವಯೋಮಿಂಗ್, ನೆಬ್ರಾಸ್ಕ ರಾಜ್ಯಗಳ ನಲವತ್ತಕ್ಕೂ ಹೆಚ್ಚು ಊರ ಸಂಘಗಳು ಅದಕ್ಕೆ ಸದಸ್ಯರಾಗಿದ್ದವು. ಅದರ ಕರಾರಿನ ಷರತ್ತು ಕೇಳಿ. ಬೇಕಾದ ಕರೆಂಟಿನಲ್ಲಿ 95% ಟ್ರೈ-ಸ್ಟೇಟ್‌ನಿಂದಲೇ ಕೊಳ್ಳಬೇಕು. ನಿಮ್ಮೂರಲ್ಲಿ ನೀವು ಏನೇ ತಯಾರಿಸಿದ್ರೂ 5% ದಾಟಬಾರದು. ಹೆಚ್ಚಿನ ಸಂಘಗಳಿಗೆ ಕರಾರಿನ ಅವಧಿ 2050ರವರೆಗೆ! ಸಹಿ ಹಾಕಿದವರ ಮೊಮ್ಮಕ್ಕಳು ಬಿಲ್ ಕಟ್ಟುವ ಕಾಲದವರೆಗೆ.

ಮತ್ತೆ ಆ ಸ್ಥಾವರಗಳು ಕಲ್ಲಿದ್ದಲಿನವೇ ಯಾಕೆ? ಇದಕ್ಕೆ ವಾಷಿಂಗ್ಟನ್ ಕಾರಣ. 1970ರ ದಶಕದಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಅಮೆರಿಕಕ್ಕೆ ನಡುಕ ಶುರುವಾಯ್ತು. 1978ರ ನವೆಂಬರ್ 9ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಇಂಧನ ಕಾನೂನುಗಳ ಒಂದು ಕಟ್ಟಿಗೆ ಸಹಿ ಹಾಕಿದ್ರು. ಅದರಲ್ಲಿ ಒಂದು ಕಾನೂನು, ಹೊಸ ವಿದ್ಯುತ್ ಸ್ಥಾವರಗಳಲ್ಲಿ ತೈಲ, ನೈಸರ್ಗಿಕ ಅನಿಲ ಸುಡೋದಕ್ಕೆ ನಿರ್ಬಂಧ ಹಾಕಿತು. ಉಳಿದದ್ದು ಕಲ್ಲಿದ್ದಲು. ಹಳ್ಳಿಗಳಲ್ಲಿ ಬೇಡಿಕೆ ಏರುತ್ತಿದ್ದ ಕಾಲ ಅದು. ಸಂಘಗಳು ಸಾಲ ಮಾಡಿ ಕಲ್ಲಿದ್ದಲಿಗೇ ಹೋದವು. ಆ ನಿರ್ಬಂಧ 1987ರಲ್ಲಿ ರದ್ದಾಯ್ತು. ಸ್ಥಾವರ ಮತ್ತು ಸಾಲ ಉಳಿದವು.

ತಮಾಷೆ ಅಂದ್ರೆ, ಅದೇ ದಿನ ಅದೇ ಕಟ್ಟಿನಲ್ಲಿ ಕಾರ್ಟರ್ ಸಹಿ ಹಾಕಿದ ಇನ್ನೊಂದು ಕಾನೂನಿತ್ತು. ಸಣ್ಣ ಉತ್ಪಾದಕರು ನೀರಿನಿಂದಲೋ ಗಾಳಿಯಿಂದಲೋ ಕರೆಂಟ್ ತಯಾರಿಸಿದ್ರೆ, ಹತ್ತಿರದ ವಿದ್ಯುತ್ ಸಂಸ್ಥೆ ಅದನ್ನ ಕೊಳ್ಳಲೇಬೇಕು ಅನ್ನೋದು. ಮೂವತ್ತೇಳು ವರ್ಷ ಆದ್ಮೇಲೆ ಈ ಎರಡನೇ ಕಾನೂನು ಎಲ್ಲಿ ಕೆಲಸಕ್ಕೆ ಬಂತು ನೋಡಿ.

ಕೊಲರಾಡೊದ ಪಶ್ಚಿಮಕ್ಕೆ ಡೆಲ್ಟಾ ಮತ್ತು ಮಾಂಟ್ರೋಸ್ ಅನ್ನುವ ಎರಡು ಕೃಷಿ ಪ್ರದೇಶಗಳು. ಅಲ್ಲಿ ನೂರು ವರ್ಷಕ್ಕೂ ಹಳೆಯ ಒಂದು ನೀರಾವರಿ ಕಾಲುವೆ ಇದೆ. ಗನ್ನಿಸನ್ ನದಿಯ ನೀರನ್ನ ಬೆಟ್ಟದೊಳಗೆ ಸುರಂಗ ಕೊರೆದು ತಂದದ್ದು. 1909ರಲ್ಲಿ ಆಗಿನ ಅಧ್ಯಕ್ಷ ಟಾಫ್ಟ್ ಬಂದು ಉದ್ಘಾಟನೆ ಮಾಡಿದ್ರು. ಕಾಲುವೆ ಇಳಿಜಾರಿನಲ್ಲಿ ಅಲ್ಲಲ್ಲಿ ಧುಮುಕುತ್ತೆ. ಧುಮುಕುವ ಕಡೆ ಟರ್ಬೈನ್ ಇಟ್ಟರೆ ಕರೆಂಟ್. ಅಣೆಕಟ್ಟು ಬೇಡ, ಮುಳುಗಡೆ ಇಲ್ಲ, ಕಲ್ಲಿದ್ದಲು ಇಲ್ಲ. ಅಲ್ಲಿನ ಸಂಘ ಇಟ್ಟೇ ಬಿಡ್ತು. ಇಟ್ಟ ಕೂಡಲೇ 5% ಮಿತಿ ತುಂಬಿಹೋಯ್ತು. ಇನ್ನೂ ಧುಮುಕುವ ಕಡೆಗಳಿವೆ, ಬೇರೆ ಉತ್ಪಾದಕರು ಮಾರೋಕೆ ಸಿದ್ಧರಿದ್ದಾರೆ, ಆದರೆ ಕೊಳ್ಳುವಂಗಿಲ್ಲ. ಕಣ್ಣೆದುರಿಗೆ ಹರಿಯುವ ನಮ್ಮದೇ ಕಾಲುವೆ ನೀರು ಬಿಟ್ಟು, ದೂರದ ಕಲ್ಲಿದ್ದಲು ಕರೆಂಟ್ ಕೊಳ್ಳಬೇಕು! ಸಂಘ ಕೇಂದ್ರದ ಇಂಧನ ನಿಯಂತ್ರಣ ಆಯೋಗಕ್ಕೆ ಹೋಯ್ತು. 2015ರಲ್ಲಿ ಆಯೋಗ ಹೇಳಿತು: 1978ರ ಕಾನೂನು ಕರಾರಿಗಿಂತ ದೊಡ್ಡದು, ಕೊಳ್ಳಿ. ಹಾಗಾದ್ರೆ ನಮಗಾಗುವ ನಷ್ಟ ತುಂಬಿಕೊಡಿ ಅಂತ ಟ್ರೈ-ಸ್ಟೇಟ್ ಕೇಳಿತು. 2016ರಲ್ಲಿ ಅದನ್ನೂ ಆಯೋಗ ತಳ್ಳಿಹಾಕಿತು.

ಆಮೇಲೆ ಡೆಲ್ಟಾ-ಮಾಂಟ್ರೋಸ್ ಸಂಘಕ್ಕೆ ಇನ್ನು ಒಟ್ಟಿಗಿರೋದು ಬೇಡ ಅನ್ನಿಸಿತು. ಹೊರಗೆ ಬರೋದು ಅಂದ್ರೆ ಕೈಬೀಸಿ ಬರೋದಲ್ಲ. 2020ರ ಜುಲೈ 1ರಂದು ಹೊರಬಂದಾಗ ಲೆಕ್ಕ ಹೀಗಿತ್ತು. ಬಿಡುಗಡೆಯ ಹಣ 6.25 ಕೋಟಿ ಡಾಲರ್. ತಮ್ಮ ಭಾಗದಲ್ಲಿದ್ದ ಲೈನು, ಸಬ್‌ಸ್ಟೇಷನ್ ಕೊಳ್ಳಲು 2.6 ಕೋಟಿ ಡಾಲರ್. ಇದಲ್ಲದೆ ಇಷ್ಟು ವರ್ಷ ತಮ್ಮ ಹೆಸರಿಗೆ ಜಮೆಯಾಗಿದ್ದ ಬೋನಸ್ಸಿನ 4.8 ಕೋಟಿ ಡಾಲರ್ ಅಲ್ಲೇ ಬಿಟ್ಟು ಬಂದರು. ಒಟ್ಟು 13.65 ಕೋಟಿ. ಒಂದು ಗ್ರಾಮೀಣ ಸಂಘ, ತನ್ನದೇ ದೊಡ್ಡ ಸಂಘದಿಂದ ಹೊರಬರಲು ಕೊಟ್ಟ ಬೆಲೆ ಇದು.

ಇದಕ್ಕಿಂತ ಮೊದಲು ದಾರಿ ತೋರಿಸಿದ್ದು ನ್ಯೂ ಮೆಕ್ಸಿಕೊದ ಟಾವೋಸ್. ಅಲ್ಲಿನ ಸಂಘದ ಹೆಸರು ಕಿಟ್ ಕಾರ್ಸನ್. 1944ರಲ್ಲಿ ಹುಟ್ಟಿದ್ದು, ಸುಮಾರು 30,000 ಗ್ರಾಹಕರು, ಗುಡ್ಡಗಾಡು, ಶ್ರೀಮಂತ ಪ್ರದೇಶವೇನಲ್ಲ. ಕರೆಂಟ್ ಜೊತೆಗೆ ಇಂಟರ್‌ನೆಟ್ ಕೊಡ್ತಾರೆ, ಅಡುಗೆ ಅನಿಲವನ್ನೂ ಮಾರ್ತಾರೆ. ಊರಿಗೆ ಬೇಕಾದ್ದೆಲ್ಲ ಒಂದೇ ಸಂಘದಲ್ಲಿ. ಟ್ರೈ-ಸ್ಟೇಟ್ ಕರಾರನ್ನ 2050ಕ್ಕೆ ವಿಸ್ತರಿಸಿ ಅಂದಾಗ ಇವರು ಸಹಿ ಹಾಕಲಿಲ್ಲ. ಹಳೇ ಕರಾರು 2040ರವರೆಗೆ ಇತ್ತು. ಅಷ್ಟು ದಿನ ಕಾಯೋದು ಯಾಕೆ ಅಂತ 2016ರಲ್ಲೇ ಹೊರಬಂದ್ರು. ಬೆಲೆ 3.7 ಕೋಟಿ ಡಾಲರ್. ತಲೆಗೆ ಹಂಚಿದ್ರೆ ಒಂದು ಮೀಟರಿಗೆ ಸಾವಿರ ಡಾಲರಿಗಿಂತ ಹೆಚ್ಚು.

ಅಷ್ಟು ಹಣ ಎಲ್ಲಿತ್ತು? ಇರಲಿಲ್ಲ. ಗುಜ್ಮನ್ ಎನರ್ಜಿ ಅನ್ನುವ ಖಾಸಗಿ ಕಂಪನಿ ಕಟ್ಟಿತು. ಬದಲಿಗೆ ಸಂಘ ಹತ್ತು ವರ್ಷ ಅವರಿಂದ ಕರೆಂಟ್ ಕೊಳ್ಳಬೇಕು, ಸಾಲದ ಕಂತೂ ಅದರಲ್ಲೇ ತೀರಬೇಕು. ಸಹಕಾರಿ ಬಿಟ್ಟು ಖಾಸಗಿ ಕೈಗೆ ಬಿದ್ದಂಗಾಯ್ತಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಒಂದು ಫರಕು ಇದೆ. ನಲವತ್ತು ವರ್ಷದ ಕರಾರಿನಲ್ಲಿ ನೀವು ಮತ್ತೆ ಬಾಯಿ ಬಿಡೋಕಾಗಲ್ಲ, ಹತ್ತು ವರ್ಷದ್ದರಲ್ಲಿ ಹನ್ನೊಂದನೇ ವರ್ಷ ಚೌಕಾಸಿ ಮಾಡಬಹುದು. ಜೊತೆಗೆ, ಊರಲ್ಲೇ ಸೋಲಾರ್ ಹಾಕೋಕೆ 5%ನ ಬೇಲಿ ಇಲ್ಲ.

ಅವರು ಒಂದೇ ಕಡೆ ಸಾವಿರಾರು ಎಕರೆಯ ದೊಡ್ಡ ಸೋಲಾರ್ ಪಾರ್ಕ್ ಮಾಡಲಿಲ್ಲ. ಸಣ್ಣ ಸಣ್ಣ ಘಟಕಗಳು, ಊರೂರಿಗೆ, ಸಬ್‌ಸ್ಟೇಷನ್ ಪಕ್ಕಕ್ಕೆ. ಇದರಲ್ಲಿ ಇಂಜಿನಿಯರಿಂಗ್ ಲಾಭ ಇದೆ. ಕರೆಂಟ್ ದೂರ ಪ್ರಯಾಣ ಮಾಡಿದಷ್ಟೂ ತಂತಿಯಲ್ಲಿ ಶಾಖವಾಗಿ ಸೋರಿಹೋಗುತ್ತೆ. ತಯಾರಾದ ಕಡೆಯೇ ಬಳಸಿದ್ರೆ ಸೋರಿಕೆ ಕಡಿಮೆ. 2022ರ ಬೇಸಿಗೆ ಹೊತ್ತಿಗೆ, ಬಿಸಿಲಿರುವ ದಿನ ಹಗಲಿನ ಬೇಡಿಕೆ ಪೂರ್ತಿಯನ್ನ ಊರಿನ ಸೋಲಾರಿನಿಂದಲೇ ಕೊಡುವ ಮಟ್ಟಕ್ಕೆ ಬಂದ್ರು. ಅದೇ ವರ್ಷ 3.7 ಕೋಟಿಯ ಸಾಲವೂ ತೀರಿತು. ರಾತ್ರಿಗೆ? ರಾತ್ರಿಗೆ ಇನ್ನೂ ಹೊರಗಿನಿಂದಲೇ ಬರಬೇಕು, ಬ್ಯಾಟರಿ ಇದ್ದರೂ ರಾತ್ರಿಯಿಡೀ ಸಾಲುವಷ್ಟಿಲ್ಲ. ‘100% ಸೋಲಾರ್ ಊರು’ ಅಂತ ಹೆಡ್‌ಲೈನ್ ಕೊಡುವವರು ಈ ‘ಹಗಲಿನ’ ಅನ್ನೋ ಪದ ಬಿಟ್ಟುಬಿಡ್ತಾರೆ. ಬಿಡಬಾರದು. ಆ ಪದ ಇಟ್ಟುಕೊಂಡೂ ಇದು ದೊಡ್ಡ ಕೆಲಸವೇ.

ಇಬ್ಬರು ಹೋದ ಮೇಲೆ ಮೂರನೆಯವರಿಗೆ ಧೈರ್ಯ ಬರುತ್ತೆ. ಟ್ರೈ-ಸ್ಟೇಟ್‌ನ ಅತಿ ದೊಡ್ಡ ಸದಸ್ಯ ಯುನೈಟೆಡ್ ಪವರ್ 2024ರ ಮೇ 1ರಂದು ಹೊರಬಂತು. ಕೊಟ್ಟದ್ದು ಸುಮಾರು 62.7 ಕೋಟಿ ಡಾಲರ್.

ಇಲ್ಲಿ ಟ್ರೈ-ಸ್ಟೇಟನ್ನ ವಿಲನ್ ಮಾಡೋದು ಸುಲಭ. ಟಿವಿಗೆ ವಿಲನ್ ಬೇಕು ಕೂಡ. ಆದರೆ ಅದರ ವಾದವನ್ನೂ ಕೇಳಬೇಕು. ಸ್ಥಾವರ ಕಟ್ಟಿದ್ದು ಎಲ್ಲರಿಗಾಗಿ, ಸಾಲ ಎಲ್ಲರದ್ದು. ಇಪ್ಪತ್ತು ಜನ ಸೇರಿ ಬಸ್ ಬಾಡಿಗೆಗೆ ಮಾತಾಡಿ, ಐದು ಜನ ಬೈಕಿನಲ್ಲಿ ಹೋಗ್ತೀವಿ ಅಂತ ಇಳಿದುಹೋದ್ರೆ, ಆ ಐದು ಜನರ ಪಾಲು ಯಾರು ಕಟ್ಟಬೇಕು? ಉಳಿದ ಸಣ್ಣ, ಬಡ ಸಂಘಗಳು. ಹೊರಹೋಗುವ ಹಣದ ಲೆಕ್ಕಕ್ಕೆ ವರ್ಷಗಟ್ಟಲೆ ವಕೀಲರು ಜಗಳ ಆಡಿದ್ದು ಇದಕ್ಕೇ. ನನ್ನ ಅಭಿಪ್ರಾಯ ಕೇಳಿದ್ರೆ, ತಪ್ಪು ಇರೋದು ಸಾಲದಲ್ಲಿ ಅಲ್ಲ, ನಲವತ್ತು ವರ್ಷ ತಂತ್ರಜ್ಞಾನ ಬದಲಾಗೋದೇ ಇಲ್ಲ ಅಂತ ಅಂದುಕೊಂಡು ಬರೆದ ಕರಾರಿನಲ್ಲಿ.

ಟ್ರೈ-ಸ್ಟೇಟ್ ಕೂಡ ಬದಲಾಯ್ತು. ಸದಸ್ಯರು ಒಬ್ಬೊಬ್ಬರೇ ಬಾಗಿಲ ಕಡೆ ನೋಡೋಕೆ ಶುರು ಮಾಡಿದ ಮೇಲೆ, 2020ರ ಜನವರಿಯಲ್ಲಿ ಹೊಸ ಯೋಜನೆ ಘೋಷಿಸಿತು. ನ್ಯೂ ಮೆಕ್ಸಿಕೊದ ಎಸ್ಕಲಾಂಟೆ ಕಲ್ಲಿದ್ದಲು ಸ್ಥಾವರವನ್ನ ಅದೇ ವರ್ಷ ಮುಚ್ಚಿತು. ಕೊಲರಾಡೊದ ಕ್ರೇಗ್ ಸ್ಥಾವರವನ್ನೂ 2030ರೊಳಗೆ ಮುಚ್ಚುವುದಾಗಿ ಹೇಳಿತು. ಸ್ಥಾವರ ಮುಚ್ಚೋದು ಅಂದ್ರೆ ಸ್ವಿಚ್ ಆರಿಸಿದಷ್ಟು ಸುಲಭ ಅಲ್ಲ. ಕ್ರೇಗ್ ಅನ್ನೋ ಊರು ನಿಂತಿರೋದೇ ಗಣಿ ಮತ್ತು ಸ್ಥಾವರದ ಮೇಲೆ. ಶಾಲೆ ನಡೆಸೋದು ಆ ಸ್ಥಾವರ ಕಟ್ಟುವ ಆಸ್ತಿ ತೆರಿಗೆಯಿಂದ. ಅಲ್ಲಿನ ಕೆಲಸಗಾರನಿಗೆ ಸ್ವಚ್ಛ ಇಂಧನ ಅಂದ್ರೆ ಮೊದಲು ಕೇಳಿಸೋದು ಅವನ ಸಂಬಳ ನಿಲ್ಲುವ ಸದ್ದು. ನಮ್ಮಲ್ಲಿ ಕೆಜಿಎಫ್ ಮುಚ್ಚಿದಾಗ ಊರಿಗೆ ಏನಾಯ್ತು ಅಂತ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇದರ ಮೇಲೆ ಇನ್ನೊಂದು ತಿರುವು. ಕ್ರೇಗ್‌ನ ಒಂದನೇ ಯೂನಿಟ್ 2025ರ ಡಿಸೆಂಬರ್ ಕೊನೆಗೆ ಮುಚ್ಚಬೇಕಿತ್ತು. ಮುಚ್ಚುವ ಹಿಂದಿನ ದಿನ ಅಮೆರಿಕದ ಇಂಧನ ಇಲಾಖೆ ತುರ್ತು ಆದೇಶ ಹೊರಡಿಸಿತು: ಮುಚ್ಚುವಂಗಿಲ್ಲ. ಯೂನಿಟ್ ಆಗಲೇ ಕೆಟ್ಟು ನಿಂತಿತ್ತು. ರಿಪೇರಿ ಮಾಡಿಸಿ ಸಿದ್ಧವಾಗಿ ಇಟ್ಟುಕೊಳ್ಳಬೇಕು. ಆ ಖರ್ಚಿನ ಬಿಸಿ ತಟ್ಟೋದು ಸದಸ್ಯರಿಗೇ.

ಹಣದ ವಿಷಯ ಬಂದದ್ದರಿಂದ ಇದನ್ನೂ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಸೋಲಾರ್, ಗಾಳಿ ಯೋಜನೆಗಳಿಗೆ ಸರ್ಕಾರ ಸಹಾಯ ಮಾಡ್ತಿದ್ದದ್ದು ಮುಖ್ಯವಾಗಿ ತೆರಿಗೆ ವಿನಾಯಿತಿ ಮೂಲಕ. ಸಹಕಾರಿ ಸಂಘ ಲಾಭಕ್ಕೆ ನಡೆಯೋದಲ್ಲ, ಆದಾಯ ತೆರಿಗೆಯನ್ನೇ ಕಟ್ಟೋದಿಲ್ಲ. ತೆರಿಗೆಯೇ ಇಲ್ಲದವನಿಗೆ ತೆರಿಗೆ ವಿನಾಯಿತಿ ಕೊಟ್ರೆ ಏನು ಉಪಯೋಗ? ಹಾಗಾಗಿ ಖಾಸಗಿ ಕಂಪನಿಗಳು ಆ ಲಾಭ ಪಡೆದವು, ಸಂಘಗಳು ನೋಡ್ತಾ ಕೂತವು. 2022ರ ಆಗಸ್ಟಿನಲ್ಲಿ ಬೈಡನ್ ಸರ್ಕಾರದ ಕಾನೂನು ಇದನ್ನ ಸರಿ ಮಾಡಿತು. ಸಂಘಗಳಿಗೆ ಅಷ್ಟೇ ಮೊತ್ತವನ್ನ ನೇರ ಹಣವಾಗಿ ಕೊಡುವ ವ್ಯವಸ್ಥೆ ಬಂತು. ಜೊತೆಗೆ ಗ್ರಾಮೀಣ ಸಹಕಾರಿಗಳು ಸ್ವಚ್ಛ ಇಂಧನಕ್ಕೆ ಬದಲಾಗಲೆಂದೇ 970 ಕೋಟಿ ಡಾಲರ್ ತೆಗೆದಿಟ್ಟರು. ರೂಸ್‌ವೆಲ್ಟ್ ಕಾಲದ ನಂತರ ಹಳ್ಳಿಯ ಕರೆಂಟಿಗೆ ಸುರಿದ ಅತಿ ದೊಡ್ಡ ಹಣ ಅದು. 2025ರ ಜುಲೈನಲ್ಲಿ ಟ್ರಂಪ್ ಸರ್ಕಾರದ ಕಾನೂನು ಬಂದು ಸೋಲಾರ್, ಗಾಳಿಗೆ ಸಿಗುವ ಲಾಭಕ್ಕೆ ಗಡುವು ಹಾಕಿತು. 2026ರ ಜುಲೈ 4ರೊಳಗೆ ಕೆಲಸ ಶುರುವಾಗಬೇಕು, ಇಲ್ಲವಾದ್ರೆ 2027ರ ಅಂತ್ಯದೊಳಗೆ ಕರೆಂಟ್ ಕೊಡೋಕೆ ಶುರು ಮಾಡಿರಬೇಕು. ಬಾಗಿಲು ತೆಗೆದು ಮೂರು ವರ್ಷಕ್ಕೆ ಅರ್ಧ ಮುಚ್ಚಿದ್ರು.

ಇನ್ನು ಪ್ರಜಾಪ್ರಭುತ್ವದ ಮಾತು. 2016ರಲ್ಲಿ ಅಮೆರಿಕದ ಒಂದು ಸಂಸ್ಥೆ ಸಂಘಗಳ ಚುನಾವಣೆಯ ಲೆಕ್ಕ ಹಾಕಿ ನೋಡಿತು. ಹತ್ತರಲ್ಲಿ ಏಳಕ್ಕೂ ಹೆಚ್ಚು ಸಂಘಗಳಲ್ಲಿ ಓಟು ಹಾಕಿದವರು 10% ಕೂಡ ಇಲ್ಲ. ನೂರು ಮಾಲೀಕರಲ್ಲಿ ತೊಂಬತ್ತು ಜನ ತಮ್ಮ ಸಂಸ್ಥೆ ನಡೆಸೋರು ಯಾರು ಅಂತ ಕೇಳೋಕೇ ಬರಲಿಲ್ಲ. ನಲವತ್ತು ವರ್ಷದ ಕರಾರುಗಳಿಗೆ ಸಹಿ ಬೀಳೋದು ಇಂಥ ಖಾಲಿ ಸಭೆಗಳಲ್ಲೇ. ಟಾವೋಸ್, ಡೆಲ್ಟಾದಲ್ಲಿ ಬೇರೆಯಾಗಿದ್ದು ಬಿಸಿಲಲ್ಲ, ಬಿಸಿಲು ಪಕ್ಕದೂರಲ್ಲೂ ಇತ್ತು. ಅಲ್ಲಿ ಕರಾರಿನ ಕಾಗದವನ್ನ ಸಭೆಯಲ್ಲಿ ಮೇಜಿನ ಮೇಲೆ ಇಟ್ಟು ಚರ್ಚೆ ಮಾಡಿದ್ರು.

ಈಗ ವಾಪಸ್ ನಮ್ಮ ಕಡೆ ಬರೋಣ. ಐದು ಪ್ರಯೋಗಗಳು ಅಂದೆನಲ್ಲ, ಅವು ಏನಾದವು? ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ ಬಾಕಿಯ ಜಗಳದಲ್ಲಿ ಮುಳುಗಿ, 2011ರಲ್ಲಿ ಅದರ ವ್ಯಾಪ್ತಿ ಸರ್ಕಾರಿ ವಿದ್ಯುತ್ ಕಂಪನಿಗೆ ಹೋಯ್ತು. ಕೋಡಿನಾರ್, ಲಖನೌ ಕೂಡ ಉಳಿಯಲಿಲ್ಲ. ಉಳಿದವು ಸಿರ್ಸಿಲ್ಲ ಮತ್ತು ಹುಕ್ಕೇರಿ. ನಮ್ಮ ಸಂಘಗಳ ಸಂಕಟ ಅಮೆರಿಕದವರದ್ದಕ್ಕಿಂತ ಬಿಗಿ. ಕೊಳ್ಳುವ ದರ ಇವರ ಕೈಯಲ್ಲಿಲ್ಲ, ಮಾರುವ ದರವೂ ಇವರ ಕೈಯಲ್ಲಿಲ್ಲ. ಬಳಕೆಯಲ್ಲಿ ದೊಡ್ಡ ಪಾಲು ರೈತರ ಪಂಪ್‌ಸೆಟ್ಟಿನದ್ದು, ಅದರ ಹಣ ಬರಬೇಕಾದ್ದು ಸರ್ಕಾರದ ಸಬ್ಸಿಡಿಯಿಂದ. ಎರಡೂ ಕಡೆ ಕತ್ತರಿ. ಅಂಥದ್ದರಲ್ಲಿ ಐವತ್ತೈದು ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದೇ ಹುಕ್ಕೇರಿಯ ಹೆಚ್ಚುಗಾರಿಕೆ. ಲೈನ್ ಕೆಟ್ಟರೆ ಲೈನ್‌ಮನ್ ಬರದಿದ್ರೆ ನಿರ್ದೇಶಕರ ಮನೆ ಬಾಗಿಲಿಗೇ ಹೋಗಿ ಕೇಳುವ ಅವಕಾಶ ಬೆಂಗಳೂರಿನ ಯಾವ ಬಡಾವಣೆಯವರಿಗೂ ಇಲ್ಲ.

ಘಟಪ್ರಭಾ ನದಿಯ ಹಿಡಕಲ್ ಡ್ಯಾಮ್ ಇರೋದು ಹುಕ್ಕೇರಿ ತಾಲ್ಲೂಕಿನಲ್ಲೇ. ಡ್ಯಾಮಿನ ಬುಡದಲ್ಲಿ ಕೆಪಿಸಿಎಲ್‌ನ ಜಲವಿದ್ಯುತ್ ಘಟಕ ಇದೆ. ಅಲ್ಲಿ ತಯಾರಾದದ್ದು ರಾಜ್ಯದ ಗ್ರಿಡ್ಡಿಗೆ ಹೋಗುತ್ತೆ, ಸಂಘ ಮತ್ತೆ ಗ್ರಿಡ್ಡಿನಿಂದ ಸಗಟಾಗಿ ಪಡೆದು ಹಂಚುತ್ತೆ. ಡೆಲ್ಟಾದ ಕಾಲುವೆ ನೆನಪಾಗುತ್ತಾ?

ಸೋಲಾರ್ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಇದೆ. ರೈತರು ಭೂಮಿ ಮಾರಿಲ್ಲ, ಲೀಸಿಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಬರದ ನಾಡಿನಲ್ಲಿ ಅದು ಸಣ್ಣ ಆಸರೆಯಲ್ಲ. ಆದರೆ ಅವರು ಅಲ್ಲಿ ಭೂಮಿಯ ಬಾಡಿಗೆದಾರರಿಗೆ ಯಜಮಾನರು, ಕರೆಂಟಿಗೆ ಅಲ್ಲ. ಭೂಮಿ ಇಲ್ಲದ ಕೂಲಿಯವರಿಗಂತೂ ಬಾಡಿಗೆಯೂ ಇಲ್ಲ.

ಇನ್ನೊಂದು ದಾರಿ ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಅನ್ನೋ ಹಳ್ಳಿಯಲ್ಲಿದೆ. 2016ರಲ್ಲಿ ಆರು ಜನ ರೈತರು ಸೋಲಾರ್ ಪಂಪ್ ಹಾಕಿಕೊಂಡು ಸಹಕಾರಿ ಮಾಡಿದ್ರು. ನೀರೆತ್ತಿ ಉಳಿದ ಕರೆಂಟನ್ನ ಅಲ್ಲಿನ ವಿದ್ಯುತ್ ಕಂಪನಿ ಯೂನಿಟ್ಟಿಗೆ 4.63 ರೂಪಾಯಿ ಕೊಟ್ಟು ಕೊಳ್ಳುತ್ತೆ, 25 ವರ್ಷದ ಕರಾರು. ರೈತನಿಗೆ ಕರೆಂಟೂ ಒಂದು ಬೆಳೆಯಾಯ್ತು. ಮಾರಬಹುದು ಅಂದಾಗ ಸುಮ್ಮನೆ ಪಂಪ್ ಓಡಿಸಿ ಅಂತರ್ಜಲ ಬರಿದು ಮಾಡೋಕೆ ಮನಸ್ಸು ಬರಲ್ಲ. ಆರು ಜನರ ಪ್ರಯೋಗ, ನಿಜ. ಟಾವೋಸಿನವರದ್ದೂ ಇಡೀ ಅಮೆರಿಕಕ್ಕೆ ಹೋಲಿಸಿದ್ರೆ ಸಣ್ಣದೇ.

ಧುಂಡಿಯವರು ಹೊಸದಾಗಿ ಸಂಘ ಕಟ್ಟಬೇಕಾಯ್ತು. ಹುಕ್ಕೇರಿಯಲ್ಲಿ ಸಂಘ ಆಗಲೇ ಇದೆ, ಕಂಬ ಇದೆ, ಲೈನ್ ಇದೆ, ಸದಸ್ಯರಿದ್ದಾರೆ, ಓಟು ಹಾಕುವ ಉತ್ಸಾಹವಂತೂ ಅಮೆರಿಕದವರು ಬಂದು ನೋಡಿ ಕಲಿಯಬೇಕು. ಸಂಘ ಯಾರಿಂದ, ಯಾವ ದರಕ್ಕೆ, ಎಷ್ಟು ವರ್ಷದ ಕರಾರಿನಲ್ಲಿ ಕರೆಂಟ್ ಕೊಳ್ತಿದೆ? ಸಬ್‌ಸ್ಟೇಷನ್ ಪಕ್ಕ ಸಂಘದ್ದೇ ಸೋಲಾರ್ ಘಟಕ ಹಾಕಿದ್ರೆ ಪಂಪ್‌ಸೆಟ್ಟಿಗೆ ಹಗಲು ಹೊತ್ತಿನಲ್ಲೇ ಕರೆಂಟ್ ಕೊಡಬಹುದಾ? ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಕಬ್ಬಿನ ಗದ್ದೆಗೆ ನೀರು ಬಿಡೋಕೆ ಹೋಗುವ ರೈತನಿಗೆ, ಹಾವಿನ ಭಯ ಗೊತ್ತಿರುವವನಿಗೆ, ಇದು ಪರಿಸರದ ಪ್ರಶ್ನೆ ಅಲ್ಲವೇ ಅಲ್ಲ. ಜೀವದ ಪ್ರಶ್ನೆ.

ಸಹಕಾರಿ ಆಡಳಿತ ಮಂಡಳಿಯ ಅವಧಿ ಐದು ವರ್ಷ. ಅಂದ್ರೆ ಮುಂದಿನ ಮತದಾನ 2030ಕ್ಕೆ. ಅಷ್ಟರೊಳಗೆ ಪ್ರತಿ ವರ್ಷ ಒಂದು ವಾರ್ಷಿಕ ಮಹಾಸಭೆ ನಡೆಯಲೇಬೇಕು. ಅಲ್ಲಿ ಕ್ಯಾಮೆರಾ ಇರೋದಿಲ್ಲ, ಬಣಗಳ ಘೋಷಣೆಯೂ ಇರೋದಿಲ್ಲ. ಲೆಕ್ಕಪತ್ರದ ಪುಸ್ತಕ ಇರುತ್ತೆ, ಸದಸ್ಯರು ಕೇಳಿದ್ರೆ ವಿದ್ಯುತ್ ಖರೀದಿಯ ಪುಟವನ್ನ ತೆಗೆದು ತೋರಿಸಬೇಕು.